ನೀರಡಿಕೆಯ ಹುಡುಗಿ ಮತ್ತು ಶಾಲೆಯ ಕ್ಯಾಂಟೀನು

ಕೋವಿಡ್ ಕಳೆದು ಶಾಲೆಗಳು ಮತ್ತೆ ಮಾಮೂಲಾಗಿ ನಡೆಯತೊಡಗಿದ್ದ ಕಾಲ. ನಾನಾಗ ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ತೀವ್ರ ನಿಗಾ ಘಟಕದ, ಅಂದರೆ ಐಸಿಯುವಿನ, ಹಿರಿಯ ವೈದ್ಯೆಯಾಗಿದ್ದೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬಿಟಿಎಂ ಲೇಔಟ್‌ನಿಂದ ಆಟೋದಲ್ಲಿ ಒಬ್ಬ ಹುಡುಗಿಯನ್ನು ಕರೆತಂದರು. ಹೆಸರು ಭಾಗ್ಯಶ್ರೀ, ಏಳನೇ ತರಗತಿ. ತಂದೆ ಮಹಾಂತೇಶ ಬನ್ನೇರುಘಟ್ಟ ರಸ್ತೆಯ ಕಚೇರಿಯೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಇಳಕಲ್ ಕಡೆಯವರು, ನಗರಕ್ಕೆ ಬಂದು ಹೆಚ್ಚು ವರ್ಷವಾಗಿರಲಿಲ್ಲ.

ಎರಡು ದಿನದಿಂದ ವಾಂತಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದು ಔಷಧ ಕೊಟ್ಟಿದ್ದರು. ಆದರೆ ಹುಡುಗಿ ಓಡಿ ಬಂದವಳಂತೆ ಆಳವಾಗಿ, ವೇಗವಾಗಿ ಉಸಿರಾಡುತ್ತಿದ್ದಳು. ಉಸಿರಿಗೆ ಹೆಚ್ಚು ಕಳಿತ ಹಣ್ಣಿನ ವಾಸನೆಯಿತ್ತು. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದೆವು. ಯಂತ್ರದಲ್ಲಿ ಅಂಕಿಯೇ ಬರಲಿಲ್ಲ, ‘ಹೈ’ ಎಂದಷ್ಟೇ ತೋರಿಸಿತು. ಅದು ಅಳೆಯಬಲ್ಲ ಮಿತಿಯನ್ನೂ ಸಕ್ಕರೆ ದಾಟಿತ್ತು.

ಇದು ಟೈಪ್ ಒನ್ ಡಯಾಬಿಟಿಸ್. ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಕಾಯಿಲೆ. ಸಕ್ಕರೆ ಮೂತ್ರದಲ್ಲಿ ಹೋಗುತ್ತಾ ತನ್ನ ಜೊತೆ ನೀರನ್ನೂ ಎಳೆದೊಯ್ಯುತ್ತದೆ, ಮಗುವಿಗೆ ತೀರದ ಬಾಯಾರಿಕೆ. ಗುರುತಿಸುವುದು ತಡವಾದರೆ ರಕ್ತದಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೇ ಅಪಾಯವಾಗುತ್ತದೆ. ಭಾಗ್ಯಶ್ರೀ ಆ ಹಂತ ತಲುಪಿದ್ದಳು.

‘ನೀರು ಬಹಳ ಕುಡೀತಿದ್ಲಾ?’ ಎಂದು ತಾಯಿ ಶಿವಲೀಲಾರನ್ನು ಕೇಳಿದೆ.

‘ಒಂದ್ ತಿಂಗಳಾತ್ರಿ ಮೇಡಂ. ಬ್ಯಾಸಿಗಿ ಐತಲ್ಲ, ಅದಕ್ಕ ನೀರಡಿಕಿ ಅಂತ ತಿಳ್ಕೊಂಡ್ವಿ. ಸಾಲ್ಯಾಗ ನೀರಿನ ಮಷಿನ್ ಕೆಟ್ಟೈತ್ರಿ. ಮನಿಯಿಂದ ಒಯ್ದ ಬಾಟ್ಲಿ ಲಗೂನ ಖಾಲಿ ಆಗ್ತಿತ್ತು. ಆಮ್ಯಾಗ ಕ್ಯಾಂಟೀನ್‌ನ್ಯಾಗ ಜೂಸು, ಕೋಲಾ ಕುಡೀತಿದ್ಲು.’

ಬಾಯಾರಿದಷ್ಟೂ ಸಿಹಿ ಪಾನೀಯ, ಅದು ಒಳಗೆ ಹೋದಷ್ಟೂ ಸಕ್ಕರೆ ಏರಿ ಮತ್ತಷ್ಟು ಬಾಯಾರಿಕೆ. ಒಂದು ತಿಂಗಳು ಆ ಮಗು ಈ ಸುಳಿಯಲ್ಲಿ ಸುತ್ತಿತ್ತು.

ಇನ್ಸುಲಿನ್ ಮತ್ತು ಡ್ರಿಪ್ ಆರಂಭಿಸಿದೆವು. ವಾಂತಿ ನಿಲ್ಲುವವರೆಗೆ ಬಾಯಿಗೆ ಏನನ್ನೂ ಕೊಡುವಂತಿರಲಿಲ್ಲ. ‘ಮೇಡಂ, ನೀರು ಕೊಡ್ರಿ’ ಎಂದು ಅವಳು ಮತ್ತೆ ಮತ್ತೆ ಕೇಳುತ್ತಿದ್ದಳು. ನರ್ಸ್ ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ರಕ್ತದ ವರದಿಗಳು ಸುಧಾರಿಸಿದವು. ನಮಗೂ ಸ್ವಲ್ಪ ಧೈರ್ಯ ಬಂತು. ಸಂಜೆ ತಲೆನೋವು ಎಂದಳು, ಮಾತು ತೊದಲಿತು. ಇಂಥ ಮಕ್ಕಳಲ್ಲಿ ಅಪರೂಪಕ್ಕೆ ಮೆದುಳು ಊದಿಕೊಳ್ಳುತ್ತದೆ. ಗೊತ್ತಿರುವ ಚಿಕಿತ್ಸೆಯನ್ನೆಲ್ಲ ಮಾಡಿದೆವು, ವೆಂಟಿಲೇಟರ್ ಹಾಕಿದೆವು. ಮಾರನೆಯ ದಿನ ಅವಳು ತೀರಿಕೊಂಡಳು.

ಕೆಲವು ವಾರಗಳ ನಂತರ ಮಹಾಂತೇಶ ಆಸ್ಪತ್ರೆಗೆ ಬಂದರು. ಕ್ಯಾಂಟೀನಿನ ವಿಷಯಕ್ಕೆ ಶಾಲೆಯಲ್ಲಿ ಪೋಷಕರ ಸಭೆ ಕರೆದಿದ್ದಾರೆ, ನೀವೂ ಬರಬೇಕು ಎಂದರು. ಹೋದೆ. ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ತಿಂಡಿ ಪಾನೀಯಗಳನ್ನು ಶಾಲೆಯೊಳಗೂ ಗೇಟಿನಿಂದ ಐವತ್ತು ಮೀಟರ್ ಒಳಗೂ ಮಾರಬಾರದೆಂಬ ನಿಯಮ ಆಗಲೇ ಇತ್ತು. ಅದನ್ನು ಓದಿ ಹೇಳಲು ಸಿದ್ಧಳಾಗಿಯೇ ಹೋಗಿದ್ದೆ.

ಪ್ರಾಂಶುಪಾಲರು ಸೌಜನ್ಯದ ಮನುಷ್ಯ. ನಾನು ಕೂರುತ್ತಿದ್ದಂತೆ ಕೇಳಿದರು: ‘ಡಾಕ್ಟರ್, ಒಂದೇ ಪ್ರಶ್ನೆ. ಜೂಸ್ ಕುಡಿದ್ರೆ ಈ ಟೈಪ್ ಒನ್ ಕಾಯಿಲೆ ಬರುತ್ತಾ?’

‘ಇಲ್ಲ’ ಎಂದೆ. ಸತ್ಯ ಅದೇ. ‘ಆದ್ರೆ ಅದು ಸಕ್ಕರೆನ ಇನ್ನೂ ಏರಿಸುತ್ತೆ. ಅದಿರ್ಲಿ, ನಿಮ್ಮ ಕ್ಯಾಂಟೀನಲ್ಲಿ ಇದನ್ನ ಮಾರೋ ಹಾಗೇ ಇಲ್ಲ.’

ಮೊದಲ ಪದ ಮಾತ್ರ ಸಭೆಗೆ ಕೇಳಿಸಿತ್ತು. ಮುಂದಿನ ಸಾಲಿನಲ್ಲಿದ್ದ ಕ್ಯಾಂಟೀನ್ ಗುತ್ತಿಗೆದಾರ ಕುರ್ಚಿಗೆ ಒರಗಿದ. ‘ಡಾಕ್ಟ್ರೇ ಹೇಳ್ಬಿಟ್ರಲ್ಲ ಸಾರ್’ ಎಂದ. ಹಿಂದಿನಿಂದ ಒಬ್ಬ ತಂದೆ, ‘ಮಕ್ಳು ಇಲ್ಲಿ ಇಲ್ಲಾಂದ್ರೆ ಹೊರಗಡೆ ಹೋಗಿ ಕುಡೀತಾರೆ ಬಿಡಿ’ ಎಂದರು. ಮಹಾಂತೇಶ ನನ್ನತ್ತ ನೋಡಿದ ನೋಟವನ್ನು ಬರೆಯಲು ನನ್ನಿಂದಾಗದು. ನಾನು ಒಂದು ಸುಳ್ಳು ಹೇಳಿದ್ದರೆ ಅವರ ಪರವಾಗುತ್ತಿತ್ತು. ಹೇಳಲಾಗುತ್ತಿರಲಿಲ್ಲ.

ಆಗ ಶಿವಲೀಲಾ ಎದ್ದು ನಿಂತರು. ದನಿ ಏರಿಸಲಿಲ್ಲ.

‘ನನ್ನ ಮಗಳು ಜೂಸ್ ಕೇಳಿದ್ದಿಲ್ರಿ. ಆಕಿಗೆ ಬೇಕಾಗಿದ್ದು ನೀರು. ಈ ಸಾಲ್ಯಾಗ ನೀರು ಎಲ್ಲಿ ಐತಿ, ನನಗ ತೋರಸ್ರಿ.’

ಆಕೆ ಬಾಗಿಲ ಕಡೆ ನಡೆದರು. ಒಬ್ಬೊಬ್ಬರಾಗಿ ತಾಯಂದಿರು ಹಿಂಬಾಲಿಸಿದರು, ನಾನೂ ಹೋದೆ. ಕಾರಿಡಾರಿನ ಕೊನೆಯಲ್ಲಿ ನೀರಿನ ಯಂತ್ರವಿತ್ತು. ನಲ್ಲಿಯನ್ನು ಬಟ್ಟೆಯಿಂದ ಕಟ್ಟಿ, ದುರಸ್ತಿಯಲ್ಲಿದೆ ಎಂದು ಚೀಟಿ ಅಂಟಿಸಿದ್ದರು. ಚೀಟಿ ಹಳದಿಯಾಗಿತ್ತು. ಪಕ್ಕದಲ್ಲೇ ಕ್ಯಾಂಟೀನಿನ ಗಾಜಿನ ಫ್ರಿಜ್ ದೀಪ ಬೆಳಗುತ್ತಾ ನಿಂತಿತ್ತು. ಶಿವಲೀಲಾ ನಲ್ಲಿಯ ಬಟ್ಟೆ ಬಿಚ್ಚಿ ತಿರುಗಿಸಿದರು. ಏನೂ ಬರಲಿಲ್ಲ. ಅಲ್ಲಿಯವರೆಗೆ ಅಳದಿದ್ದ ಅವರು ಆ ಯಂತ್ರವನ್ನೇ ಹಿಡಿದು ಕುಸಿದರು.

ಪೋಷಕರು ಅಂದೇ ದೂರಿಗೆ ಸಹಿ ಹಾಕಿದರು, ನಾನೂ ಹಾಕಿದೆ. ಆಹಾರ ಸುರಕ್ಷತಾ ಅಧಿಕಾರಿಗಳು ಬಂದರು, ಫ್ರಿಜ್ ಹೋಯಿತು, ಯಂತ್ರ ದುರಸ್ತಿಯಾಯಿತು. ಅದೇ ಪಾನೀಯಗಳು ಈಗ ರಸ್ತೆ ತಿರುವಿನ ಅಂಗಡಿಯಲ್ಲಿ, ಐವತ್ತು ಮೀಟರ್‌ನ ಆಚೆ, ಸಿಗುತ್ತವೆ. ಕ್ಯಾಂಟೀನಿನ ಗುತ್ತಿಗೆದಾರ ಈಗಲೂ ಅವನೇ. ಶಾಲೆ ಯಾವ ತಪ್ಪನ್ನೂ ಒಪ್ಪಲಿಲ್ಲ. ಮಹಾಂತೇಶ ದಂಪತಿ ಮನೆ ಬದಲಿಸಿದರು. ದಿನವೂ ಆ ಗೇಟಿನ ಮುಂದೆ ಹಾದುಹೋಗಲು ಶಿವಲೀಲಾರಿಗೆ ಆಗುತ್ತಿರಲಿಲ್ಲವಂತೆ.

ಮಗುವಿನ ಬಾಯಾರಿಕೆಗೆ ಕಾರಣವನ್ನು ಊಹಿಸಬಾರದು, ಪರೀಕ್ಷಿಸಬೇಕು ಎಂಬುದನ್ನು ನನ್ನ ವೃತ್ತಿ ಹೀಗೆ ಕಲಿಸಿತು. ಬೇಡದ್ದನ್ನು ಶಾಲೆಯಿಂದ ತೆಗೆಸುವ ನಿಯಮದ ಜೊತೆಗೆ, ಬೇಕಾದದ್ದು ಅಲ್ಲಿದೆಯೇ ಎಂದು ಯಾರಾದರೂ ನಲ್ಲಿ ತಿರುಗಿಸಿ ನೋಡಲೇಬೇಕು ಎಂಬುದನ್ನೂ.

ಮೊನ್ನೆ ಪದ್ಮನಾಭನಗರದ ತಾಯಿಯೊಬ್ಬರು ಮಗನಿಗೆ ಕೆಮ್ಮೆಂದು ಹೊರರೋಗಿ ವಿಭಾಗದಲ್ಲಿ ನನ್ನ ಬಳಿ ಬಂದಿದ್ದರು. ಮಾತಿನ ನಡುವೆ, ‘ಬೇಸಿಗೆ ಅಲ್ವಾ, ಬರೀ ನೀರು ನೀರು ಅಂತಾನೆ’ ಎಂದರು. ಅವರ ಮಾತು ಮುಗಿಯುವ ಮೊದಲೇ ನಾನು ಹುಡುಗನ ಬೆರಳು ಹಿಡಿದಿದ್ದೆ. ಸಕ್ಕರೆ ಸರಿಯಾಗಿಯೇ ಇತ್ತು.

‘ಸುಮ್ನೆ ಹೆದರಿಸಿಬಿಟ್ರಿ ಮೇಡಂ’ ಎಂದು ಅವರು ನಕ್ಕರು.

‘ಹೌದು’ ಎಂದೆ.