ಕರಿ ಬಾನೆಟ್ಟಿನ ಬಿಳಿ ಕಲೆಗಳು

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯ ಬದಿಗೆ ಗವಿಸಿದ್ದೇಶನ ವಾಟರ್ ವಾಶ್ ಇದೆ. ಮೇಲೆ ತಗಡು, ಕೆಳಗೆ ಸಿಮೆಂಟ್ ಕಟ್ಟೆ, ಹಿಂದೆ ಒಂದು ಬೋರು. ಆ ಬೋರಿನ ನೀರು ಬಹಳ ಗಡಸು. ಬಕೆಟ್ಟಿನ ಅಂಚಿಗೂ ಬಿಳಿ ಪೊರೆ ಕಟ್ಟುತ್ತದೆ. ಅದಕ್ಕೇ ಅವನು ಯಾವ ಗಾಡಿಯನ್ನೂ ಬಿಸಿಲಿನಲ್ಲಿ ತೊಳೆಯುವುದಿಲ್ಲ. ನೀರು ತಾನಾಗಿ ಆರುವ ಮೊದಲೇ ಮೆತ್ತನೆಯ ಬಟ್ಟೆಯಿಂದ ಒರೆಸಿಬಿಡುತ್ತಾನೆ. ಮಾತು ಕಡಿಮೆ. ಯಾರಾದರೂ ಬೈದರೆ ಬಟ್ಟೆ ಹಿಂಡುತ್ತ ನಿಲ್ಲುತ್ತಾನೆ.

ಒಂದು ಬೆಳಿಗ್ಗೆ ಬಾಡಿಗೆ ಕಾರಿನ ಅಮರೇಶ್ ತನ್ನ ಕರಿ ಕಾರನ್ನು ತಂದು ನಿಲ್ಲಿಸಿದ. ಹಿರೇಹಡಗಲಿಗೆ ಹೊರಟಿದ್ದ ಅವನ ಅಜ್ಜಿ ಶಿವಬಸಮ್ಮ ಹಿಂದಿನ ಸೀಟಿನಲ್ಲಿದ್ದರು.

"ನೋಡಲೇ ಗವಿ, ನಿನ್ನ ನೀರಿಗೆ ನನ್ ಗಾಡಿ ಮುಖಕ್ಕ ಸಿಡುಬು ಎದ್ದಂಗ ಆಗೈತಿ. ಇವು ಹೋಗ್ಲಿಲ್ಲಂದ್ರ ನಮ್ಮ ಸ್ಟ್ಯಾಂಡಿನ ಒಂದು ಗಾಡೀನೂ ಇಲ್ಲಿಗೆ ಬರಂಗಿಲ್ಲ."

ಗವಿಸಿದ್ದೇಶನ ಕೆಲಸವೆಲ್ಲ ಆ ಬಾಡಿಗೆ ಕಾರುಗಳ ಸ್ಟ್ಯಾಂಡಿನಿಂದಲೇ. ಬಗ್ಗಿ ನೋಡಿದ. ಬಾಗಿಲುಗಳ ಮೇಲೆ, ಟಾಪಿನ ಮೇಲೆ ಒಂದು ಚುಕ್ಕೆಯೂ ಇಲ್ಲ. ಬಾನೆಟ್ಟಿನ ನಡುವಿನಿಂದ ಮಾತ್ರ ಬಿಳಿ ಕಲೆಗಳು ಸಾಲಾಗಿ ಕೆಳಗಿಳಿದಿದ್ದವು. ಸಂದಿಯಲ್ಲಿ ಒಂದಿಷ್ಟು ವಿಭೂತಿ ಉಳಿದಿತ್ತು. ಅವನು ಅಜ್ಜಿಯ ಕಡೆ ನೋಡಿದ. ಅಜ್ಜಿ ಆಚೆ ಕಿಟಕಿಯ ಕಡೆ ನೋಡಿದರು.

ಮೊಮ್ಮಗನ ಮುಂದೆ ಹೇಗೆ ಹೇಳುವುದು? ಬಟ್ಟೆ ಹಿಂಡಿ ಕೆಲಸಕ್ಕೆ ನಿಂತ.

ಕಾರನ್ನು ನೆರಳಿಗೆ ತಳ್ಳಿಸಿ, ಬಾನೆಟ್ಟು ಕೈಗೆ ತಣ್ಣಗಾಗುವವರೆಗೂ ಕಾದ. ಧೂಳು ತೊಳೆದ. ಬಿಳಿ ವಿನಿಗರಿಗೆ ಅಷ್ಟೇ ಫಿಲ್ಟರ್ ನೀರು ಬೆರೆಸಿ, ಬಟ್ಟೆ ಅದ್ದಿ ಕಲೆಗಳ ಮೇಲೆ ಹಾಸಿದ.

"ಏನಲೇ, ಗೋಬಿ ಗಾಡಿ ವಾಸನಿ ಬರಾಕತ್ತೈತಿ," ಅಂದ ಅಮರೇಶ್.

"ಅವರ ಹತ್ರಾನ ತಂದೀನಣ್ಣ."

ಸ್ವಲ್ಪ ಹೊತ್ತು ಬಿಟ್ಟು, ಒತ್ತದೆ ಒರೆಸಿದ. ಮತ್ತೆ ಹಾಸಿದ, ಮತ್ತೆ ಒರೆಸಿದ. ಫಿಲ್ಟರ್ ನೀರಿನಿಂದ ತೊಳೆದು ಒಣಗಿಸಿದಾಗ ಕಲೆಗಳು ಹೋಗಿದ್ದವು, ನಡುವಿನದೊಂದು ಬಿಟ್ಟು.

"ಅದೂ ತೆಗಿ."

"ಅದು ಪೇಂಟಿಗೇ ಇಳದೈತಣ್ಣ. ಇನ್ನ ತಿಕ್ಕಿದ್ರ ಬಣ್ಣಾನ ಹೋಗ್ತೈತಿ."

"ಮಾಡಿದಾವ ನೀನು, ತೆಗಿಯಾಕ ಬರಂಗಿಲ್ಲಂದ್ರ?"

ಗವಿಸಿದ್ದೇಶ ಬಟ್ಟೆ ಹಿಂಡುತ್ತ ನಿಂತ. ಕಾರಿನ ಬಾಗಿಲು ತೆರೆಯಿತು.

"ಅವನ್ನ ಯಾಕ ಬೈತಿ?" ಶಿವಬಸಮ್ಮ ಸೆರಗು ಸರಿಮಾಡಿಕೊಳ್ಳುತ್ತ ಇಳಿದರು. "ಸೋಮ್ವಾರ ಸೋಮ್ವಾರ ತಂಬಿಗಿ ನೀರು ಹಾಕಿ ಈಬತ್ತಿ ಹಚ್ಚಾಕಿ ನಾನು. ನೀ ಏಳೋದ್ರೊಳಗ ಬಿಸಿಲಿಗೆ ಆರಿರ್ತೈತಿ. ದಿನಾ ಹಾದಿ ಮ್ಯಾಲ ಇರಾಂವ ನೀನು. ಹಚ್ಚಬ್ಯಾಡ ಅಂತೀಯೇನು?"

ಅಮರೇಶ್ ಬಗ್ಗಿ ಆ ಕಲೆಯನ್ನು ನೋಡಿದ.

ಗವಿಸಿದ್ದೇಶನೇ ಮೆಲ್ಲಗೆ ಹೇಳಿದ: "ಬಿಡಬ್ಯಾಡ್ರಿ ಅಮ್ಮಾ. ಈಬತ್ತಿ ಗಾಜಿನ ಮೂಲಿಗೆ ಹಚ್ರಿ. ಫಿಲ್ಟರ್ ನೀರು ಹಾಕಿ, ಆರೋದ್ರೊಳಗ ಒರಸ್ರಿ."

"ನಮ್ಮನಿ ಲಿಂಗಕ್ಕ ಬೋರಿನ ನೀರು, ಇವನ ಕಾರಿಗೆ ಫಿಲ್ಟರ್ ನೀರೇನಪಾ?"

ಅಮರೇಶ್ ತಡೆಯಲಾರದೆ ನಕ್ಕ. ಅಜ್ಜಿ ಉಳಿದ ಕಲೆಯ ಮೇಲೆ ಬೆರಳಾಡಿಸಿದರು. "ಇದು ಇರ್ಲಿ ಬಿಡು. ಇಲ್ಲಿ ಹಚ್ಚಬಾರ್ದು ಅಂತ ನನಗ ಗುರ್ತು."

ಮುಂದಿನ ಮಂಗಳವಾರ ಕರಿ ಕಾರು ಮತ್ತೆ ಬಂತು, ಹಿಂದೆ ಸ್ಟ್ಯಾಂಡಿನ ಇನ್ನೊಂದು ಗಾಡಿ. ಬಾನೆಟ್ಟು ಮಿರಿಮಿರಿ ಹೊಳೆಯುತ್ತಿತ್ತು, ಆ ಒಂದು ಕಲೆಯ ಸಮೇತ. ಗಾಜಿನ ಮೂಲೆಯಲ್ಲಿ ವಿಭೂತಿಯ ಮೂರು ಗೆರೆ.

"ಈಬತ್ತಿ ಒಂದು ಬಿಟ್ಟು ಒರಸಲೇ," ಅಂದ ಅಮರೇಶ್, "ಅಳಿಸಿದ್ರ ಅಜ್ಜಿ ನಿನ್ನ ಹುಡುಕ್ಕೊಂಡು ಬರ್ತಾಳ."