ಚೋಕ್ ಇಲ್ಲದ ಕಾರ್ಬೊರೇಟರ್

ಅದು ೨೦೨೨ರ ಚಳಿಗಾಲ. ಬಾಲಾನಗರದ ಕಾರ್ಖಾನೆಯೊಂದರ ಇಂಧನ ಪರೀಕ್ಷಾ ವಿಭಾಗದಿಂದ ನಿವೃತ್ತನಾದ ನಾನು ಸನತ್‌ನಗರದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ಹಳೆಯ ಕಾರುಗಳ ಕಾರ್ಬೊರೇಟರ್ ಕೆಲಸ ಮಾಡುತ್ತಿದ್ದೆ. ಈಗಿನ ಕಾರುಗಳಲ್ಲಿ ಪೆಟ್ರೋಲ್ ಅಳೆದುಕೊಡಲು ಕಂಪ್ಯೂಟರ್ ಇದೆ. ಹಳೆಯ ಕಾರುಗಳಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಉಣಿಸುವುದು ಕಾರ್ಬೊರೇಟರಿನ ಕೆಲಸ. ಈ ವಿದ್ಯೆ ಬಲ್ಲವರು ಊರಲ್ಲಿ ಕಡಿಮೆಯಾಗಿದ್ದರಿಂದ ಗಿರಾಕಿಗಳು ನನ್ನ ಸಿಡುಕನ್ನು ಸಹಿಸಿಕೊಂಡು ಬರುತ್ತಿದ್ದರು.

ಹಾಗೆ ಬಂದವರಲ್ಲಿ ಗುರುಬಸಪ್ಪನವರು ಒಬ್ಬರು. ಕಲಬುರಗಿ ಕಡೆಯವರು, ಅಬಿಡ್ಸ್‌ನಲ್ಲಿ ಬಟ್ಟೆ ವ್ಯಾಪಾರ. ಅವರ ಬಳಿ ೧೯೭೦ರ ಅಮೆರಿಕದ ಎರಡು ಬಾಗಿಲಿನ ಕಾರಿತ್ತು. ಸಾಧಾರಣ ಗಾತ್ರದ ಮೈಗೆ ದೈತ್ಯ ಎಂಜಿನ್ ಕೂರಿಸಿದ ಇಂಥ ಕಾರುಗಳಿಗೆ ಮಸಲ್ ಕಾರ್ ಎನ್ನುತ್ತಾರೆ. ಎಂಟು ಸಿಲಿಂಡರು, ಎಂಜಿನ್ನಿನ ಗಾತ್ರ ೩೫೦ ಘನ ಇಂಚು. ಅದಕ್ಕೆ ೮೫೦ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ೮೫೦ ಘನ ಅಡಿ ಗಾಳಿ ಎಳೆಯಬಲ್ಲ ರೇಸ್ ಕಾರ್ಬೊರೇಟರ್ ಹಾಕಬೇಕು, ಬಾನೆಟ್ ಕೊರೆದು ಅದು ಹೊರಗೆ ಕಾಣುವಂತೆ ಮಾಡಬೇಕು, ಮೇಲೆ ಏರ್ ಫಿಲ್ಟರ್ ಇರಬಾರದು ಎಂಬುದು ಅವರ ಆಸೆ.

ನಾನು ಅವರೆದುರೇ ಲೆಕ್ಕ ಹಾಕಿದೆ. ಘನ ಇಂಚನ್ನು ಎಂಜಿನ್ನಿನ ಗರಿಷ್ಠ ವೇಗದಿಂದ ಗುಣಿಸಿ ೩೪೫೬ರಿಂದ ಭಾಗಿಸಬೇಕು. ನಿಮಿಷಕ್ಕೆ ೫,೫೦೦ ಸುತ್ತಿಗೆ ಬರುವುದು ೫೫೭. ಆರು ನೂರರ ಕಾರ್ಬೊರೇಟರ್ ಧಾರಾಳವಾಯಿತು, ಅದರಲ್ಲಿ ಎಲೆಕ್ಟ್ರಿಕ್ ಚೋಕ್ ಕೂಡ ಇದೆ ಎಂದೆ. ಚೋಕ್ ಎಂದರೆ ಕಾರ್ಬೊರೇಟರಿನ ಬಾಯಲ್ಲಿರುವ ಒಂದು ಮುಚ್ಚಳ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡುವಾಗ ಅದು ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುತ್ತದೆ. ಅವರು ಕೇಳುತ್ತಿದ್ದ ರೇಸ್ ಮಾಲಿನಲ್ಲಿ ಅದು ಇರಲಿಲ್ಲ. ಚೋಕ್ ಇಲ್ಲದಿದ್ದರೆ ನಮ್ಮ ಊರಿನ ಡ್ರೈವರು, ಮೆಕ್ಯಾನಿಕ್ಕುಗಳು ಏನು ಮಾಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಬಾನೆಟ್ ಎತ್ತಿ, ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತಂದು, ಕಾರ್ಬೊರೇಟರಿನ ಬಾಯಿಗೇ ಸುರಿಯುತ್ತಾರೆ. ನಿಂತು ನಿಂತು ಒಣಗಿದ ಹಳೆಯ ಗಾಡಿಗಳಿಗೆಲ್ಲ ಇದೇ ಉಪಚಾರ. ಕೈಯಲ್ಲಿ ಬಾಟಲಿ ಇರುವಾಗಲೇ ಎಂಜಿನ್ ಒಮ್ಮೆ ಹಿಮ್ಮುಖವಾಗಿ ಸಿಡಿದು ಬೆಂಕಿ ಮೇಲಕ್ಕೆ ಉಗುಳಿದರೆ ಸುರಿಯುವವನ ಕಥೆ ಮುಗಿಯಿತು.

"ಆರು ನೂರ ಅಂದ್ರ ಮಂದಿ ನಗತಾರ್ರಿ ಇನಾಮದಾರ ಸಾಹೇಬ್ರ," ಎಂದರು ಗುರುಬಸಪ್ಪನವರು. "ಭಾನುವಾರ ಹಳೇ ಗಾಡಿಯವರೆಲ್ಲಾ ಕೂಡತೇವಲ್ಲ, ಅಲ್ಲೆ ಎಲ್ಲಾರದೂ ದೊಡ್ಡದ ಐತಿ."

ಅವರ ಡ್ರೈವರ್ ಮಾಣಿಕಪ್ಪ ಪಕ್ಕದಲ್ಲೇ ನಿಂತಿದ್ದ. ಜಹೀರಾಬಾದ್ ಕಡೆಯವನು, ಐವತ್ತು ದಾಟಿದವನು. "ಸೇಟ್ರ, ಚೋಕ್ ಇದ್ದದ್ದ ಹಾಕಸ್ರಿ," ಎಂದ. "ಬಾನೆಟ್ ಮ್ಯಾಲೆ ಬಗ್ಗಾಂವ ನಾ ಅದೀನಲ್ರಿ."

"ನಿನಗ ಇದೆಲ್ಲಾ ಏನ ತಿಳೀತೈತಿ, ಗ್ಲಾಸ್ ಒರಸು ಹೋಗು," ಎಂದು ಸೇಟರು ನಗುತ್ತಲೇ ಅಂದರು. ಮಾಣಿಕಪ್ಪನೂ ನಕ್ಕು ಬಟ್ಟೆ ತೆಗೆದುಕೊಂಡ. ಆ ಮಾಲನ್ನು ನನ್ನ ಶೆಡ್ಡಿನಲ್ಲಿ ಕೂರಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದೆ. ಅವರು ಬೇರೆಲ್ಲೋ ಕೂರಿಸಿಕೊಂಡರು.

ಮರು ಬೇಸಿಗೆಯಲ್ಲಿ ಆ ಕಾರು ಲಾರಿಯ ಮೇಲೇರಿ ನನ್ನ ಶೆಡ್ಡಿಗೆ ಬಂತು. ಮುಂಭಾಗ ಸುಟ್ಟು ಕರಕಲಾಗಿತ್ತು. ಮಾಣಿಕಪ್ಪ ಆಸ್ಪತ್ರೆಯಲ್ಲಿದ್ದ. ಬೆಂಕಿಗೆ ಕಾರಣವೇನೆಂದು ವಿಮೆಯವರು ತಜ್ಞರ ವರದಿ ಕೇಳಿದ್ದರು. ಅದನ್ನು ಬರೆದುಕೊಡಿ ಎಂದು ನನ್ನಲ್ಲಿಗೆ ಬಂದ ಗುರುಬಸಪ್ಪನವರು ಹೇಳಿದ್ದು ಇಷ್ಟು: ತಾವು ಮನೆಯೊಳಗಿದ್ದರು, ಮಾಣಿಕಪ್ಪ ಹೊರಗೆ ಬೀಡಿ ಹಚ್ಚಿಕೊಂಡು ಕಾರ್ಬೊರೇಟರಿಗೆ ಪೆಟ್ರೋಲ್ ಸುರಿಯುತ್ತಿದ್ದ, ಕಿಡಿ ತಾಗಿತು. ಪೊಲೀಸರಿಗೂ ಹಾಗೆಯೇ ಹೇಳಿದ್ದರು. ಮಾಣಿಕಪ್ಪನ ಓಣಿಯಲ್ಲೆಲ್ಲ ಅದೇ ಮಾತಾಗಿತ್ತು.

ನಾನು ಕಾರ್ಬೊರೇಟರ್ ಬಿಚ್ಚಿದೆ. ಹೊರಗಿನ ಕಿಡಿಯಿಂದ ಹತ್ತಿದ ಬೆಂಕಿ ಮೇಲ್ಭಾಗವನ್ನು ಸುಡುತ್ತದೆ. ಇಲ್ಲಿ ದಟ್ಟ ಮಸಿ ಕಟ್ಟಿದ್ದು ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ಬಿಲ್ಲೆಗಳ ಕೆಳಗೆ, ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ ಒಳಗೋಡೆಗೆ. ಅಂದರೆ ಜ್ವಾಲೆ ಎಂಜಿನ್ನಿನೊಳಗಿಂದ ಎದ್ದು ಬಂದಿತ್ತು. ಏರ್ ಫಿಲ್ಟರ್ ಇದ್ದಿದ್ದರೆ ಅದು ಜ್ವಾಲೆಯನ್ನು ಅಷ್ಟಿಷ್ಟಾದರೂ ತಡೆಯುತ್ತಿತ್ತು. ಮುಂದೆ ಇನ್ನೊಂದು ಕಂಡಿತು. ಬಾಟಲಿಯ ಪ್ಲಾಸ್ಟಿಕ್ ಕರಗಿ ಕಾರ್ಬೊರೇಟರಿನಲ್ಲಿ ಗಾಳಿ ಇಳಿಯುವ ಗಂಟಲುಗಳಲ್ಲೊಂದರ ಒಳಕ್ಕೆ ಇಳಿದು, ಬಿಲ್ಲೆಯನ್ನೂ ದಾಟಿ, ಎಳೆ ಎಳೆಯಾಗಿ ಅಂಟಿಕೊಂಡಿತ್ತು. ಎಂಜಿನ್ ತಿರುಗುತ್ತ ಗಾಳಿ ಎಳೆಯುತ್ತಿದ್ದರೆ ಮಾತ್ರ ಅದು ಹಾಗೆ ಒಳಹೋಗುತ್ತದೆ. ಮಾಣಿಕಪ್ಪನ ಕೈ ಕಾರ್ಬೊರೇಟರಿನ ಬಾಯಿಗೆ ಬಾಟಲಿ ಹಿಡಿದಿರುವಾಗಲೇ ಯಾರೋ ಒಳಗೆ ಕೂತು ಕೀಲಿ ತಿರುಗಿಸಿದ್ದರು.

ಆಸ್ಪತ್ರೆಗೆ ಹೋದೆ. ಮಾಣಿಕಪ್ಪನ ಎರಡೂ ಕೈಗೆ, ಕುತ್ತಿಗೆಗೆ, ಅರ್ಧ ಮುಖಕ್ಕೆ ಬ್ಯಾಂಡೇಜು. ನನ್ನ ಗುರುತು ಹಿಡಿದ.

"ಬೀಡಿ ಬಿಟ್ಟು ಭಾಳ ವರ್ಷ ಆತ್ರಿ ಸಾಹೇಬ್ರ. ಬೀಡಿ ಅಂತ ಬರೀಬ್ಯಾಡ್ರಿ."

"ಬರಿಯೂದಿಲ್ಲ. ಕೀಲಿ ಯಾರು ತಿರುವಿದ್ರು?"

ಅವನು ಕಣ್ಣು ಮುಚ್ಚಿದ. "ಸೇಟ್ರ ಹೆಸರೂ ಬ್ಯಾಡ್ರಿ," ಎಂದ. "ಮಗಳ ಕಾಲೇಜಿನ ಖರ್ಚು ಅವರ ನೋಡಾಕತ್ತಾರ."

ಬೀಡಿಯಲ್ಲ ಎಂದು ಬರೆದರೆ ಸೇಟರ ಹೆಸರು ತಾನಾಗಿ ಹೊರಬೀಳುತ್ತದೆ ಎಂದು ಆ ಹಾಸಿಗೆಯ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಸಿಟ್ಟು ಮಾತ್ರ ಬಂತು. ಆ ಸ್ಥಿತಿಯಲ್ಲೂ ಸೇಟರನ್ನು ಕಾಯುತ್ತಿದ್ದ ಅವನ ಮೇಲೂ ಬಂತು. ಕೆಲವೇ ದಿನಗಳಲ್ಲಿ ಸುಟ್ಟ ಗಾಯಕ್ಕೆ ನಂಜೇರಿ ಅವನು ತೀರಿಕೊಂಡ.

ಅಂತ್ಯಕ್ರಿಯೆ ಮುಗಿದ ಮೇಲೆ ಗುರುಬಸಪ್ಪನವರು ವರದಿಗಾಗಿ ಬಂದರು. "ಹ್ವಾದಾಂವ ತಿರುಗಿ ಬರೂದಿಲ್ರಿ. ನಮ್ಮ ಕಡೆಯವರು ಅಂತ ನಿಮ್ಮ ಹತ್ರ ಬಂದೀನಿ."

ನಾನು ಕಾರ್ಬೊರೇಟರನ್ನು ಅವರ ಮುಂದಿಟ್ಟು, ಕರಗಿದ ಪ್ಲಾಸ್ಟಿಕ್ ತೋರಿಸಿದೆ. "ಕೀಲಿ ಯಾರ ಕೈಯಾಗಿತ್ರಿ?"

ಅವರು ಸ್ಟೂಲಿನ ಮೇಲೆ ಕೂತು ಅತ್ತರು. "ಎರಡು ಸಲ ಸುರದಾ, ಹಿಡೀಲಿಲ್ಲ. ಹೊತ್ತಾಗಾಕತ್ತಿತ್ತು. ಸುರುಕೋತ ಇರು, ನಾ ಸೆಲ್ಫ್ ಹೊಡೀತೀನಿ ಅಂದೆ." ಆ ಅಳು ಸುಳ್ಳಲ್ಲ ಎಂದು ಈಗಲೂ ನಂಬುತ್ತೇನೆ. ಆದರೆ ಕಣ್ಣೊರೆಸಿಕೊಂಡವರೇ, "ಇದನ್ನ ಬರೀಬ್ಯಾಡ್ರಿ," ಎಂದರು.

ಬರೆದೆ. ಕಾರ್ಬೊರೇಟರಿನ ಆಯ್ಕೆ, ತೆಗೆದ ಫಿಲ್ಟರ್, ಒಳಗಿನ ಮಸಿ, ತಿರುಗಿದ ಕೀಲಿ, ಎಲ್ಲವನ್ನೂ ಬರೆದೆ. ಪೊಲೀಸರು ಪ್ರಕರಣವನ್ನು ಮತ್ತೆ ತೆರೆದರು, ಅದು ಇನ್ನೂ ನಡೆಯುತ್ತಲೇ ಇದೆ. ಮಾಣಿಕಪ್ಪ ಹೆದರಿದಂತೆಯೇ ಮಗಳ ಕಾಲೇಜು ನಿಂತಿತು. ಅವಳು ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅವಳ ಓದಿಗಾಗಿ ನಾನು ನಾಲ್ಕು ಕಡೆ ಹೇಳಿ ನೋಡಿದೆ, ಪ್ರಯೋಜನವಾಗಲಿಲ್ಲ.

ಮಾಣಿಕಪ್ಪನ ಹೆಂಡತಿ ಶಾಂತಮ್ಮ ಒಂದು ದಿನ ಶೆಡ್ಡಿಗೆ ಬಂದಳು. ಬೈಯಲು ಬಂದಿರಬೇಕು ಎಂದುಕೊಂಡೆ. ಅವಳು ಕೇಳಿದ್ದು ಬೇರೆ. "ಓಣ್ಯಾಗ ಇನ್ನೂ ಬೀಡಿ ಅಂತನ ಅಂತಾರ್ರಿ. ನನ್ನ ಮಗಳೂ ಅಪ್ಪನ ಮ್ಯಾಲೆ ಸಿಟ್ಟ ಮಾಡ್ಯಾಳ, ತನ್ನ ಕೈಲೆ ತಾನ ಸತ್ತ ಅಂತಾಳ. ಅಕಿ ಮುಂದ ನೀವ ಒಂದು ಮಾತು ಹೇಳ್ರಿ."

ಕಾರ್ಬೊರೇಟರ್ ಪೊಲೀಸರ ವಶದಲ್ಲಿತ್ತು. ಅಂಥದ್ದೇ ಇನ್ನೊಂದನ್ನು ಚೀಲದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. ನೆಲದ ಮೇಲೆ ಇಟ್ಟು, ಪೆಟ್ರೋಲ್ ಎಲ್ಲಿ ಸುರಿಯುತ್ತಾರೆ, ಜ್ವಾಲೆ ಎಲ್ಲಿಂದ ಏಳುತ್ತದೆ ಎಂದು ಆ ಹುಡುಗಿಗೆ ಒಂದೊಂದಾಗಿ ತೋರಿಸಿದೆ. ಬೀಡಿಯಿಂದ ಅಲ್ಲ, ನಿನ್ನ ಅಪ್ಪನ ತಪ್ಪಿನಿಂದಲೂ ಅಲ್ಲ ಎಂದೆ. ಅವಳು ಆ ಗಂಟಲುಗಳೊಳಗೆ ಬೆರಳು ಹಾಕಿ ನೋಡಿದಳು.

"ಮತ್ತ ಅಪ್ಪ ಯಾಕ ಸುರಿಯೂದಿಲ್ಲ ಅನ್ಲಿಲ್ರಿ?"

ಶಾಂತಮ್ಮ ಮಗಳ ತಲೆ ಸವರಿ, "ನಿನ್ನ ಸಲುವಾಗಿನ ಅನ್ನಲಿಲ್ಲವ್ವಾ," ಎಂದಳು. ಹುಡುಗಿ ಆಗ ಅತ್ತಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು ಎಂದು ಶಾಂತಮ್ಮ ಆಮೇಲೆ ಹೇಳಿದಳು.

ಕಾರ್ಬೊರೇಟರ್ ಆರಿಸುವುದು ಎಂಜಿನ್ನಿನ ಲೆಕ್ಕ ಎಂದೇ ನಾನು ತಿಳಿದಿದ್ದೆ. ಲೆಕ್ಕ ಈಗಲೂ ಅದೇ. ಆದರೆ ಅದಕ್ಕೂ ಮೊದಲು, ಬೆಳಿಗ್ಗೆ ಈ ಗಾಡಿಯನ್ನು ಸ್ಟಾರ್ಟ್ ಮಾಡುವವರು ಯಾರು ಎಂದು ಕೇಳುತ್ತೇನೆ. ಡ್ರೈವರ್ ಎಂದರೆ, ಅವನನ್ನು ಒಳಗೆ ಕರೆಯಿರಿ ಎನ್ನುತ್ತೇನೆ. ಅವನು ಬಂದು ಕೂತು ತನಗೇನು ಬೇಕೆಂದು ಹೇಳುವವರೆಗೆ ಮಾಲೀಕರ ಮಾತಿಗೆ ನಾನು ಸ್ಪ್ಯಾನರ್ ಎತ್ತುವುದಿಲ್ಲ.