ನಾಲ್ಕು ನಿಮಿಷದ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಮನೆಮಂದಿಯೆಲ್ಲ ಇಟ್ಟ ಹೆಸರು ರೇಡಿಯೋ. ಹಚ್ಚಿದರೆ ಆರಿಸೋಕೆ ಬರಲ್ಲ. ಸಂತೆಯಲ್ಲಿ ಯಾರಾದರೂ ಎಲೆಕೋಸು ಎಷ್ಟಮ್ಮ ಅಂತ ಕೇಳಿದರೆ ಮುಗೀತು. ಆ ಕೋಸಿನ ಬೀಜ ಕೊಟ್ಟವರು ಯಾರು, ಅವರ ಸೊಸೆಗೆ ಎಂಥ ಮಂಡಿನೋವು, ಅದಕ್ಕೆ ಯಾವ ಎಣ್ಣೆ ಹಚ್ಚಿದರು, ಎಲ್ಲ ಹೇಳಿ ಕೊನೆಗೆ ರೇಟು ಹೇಳೋದನ್ನೇ ಮರೀತಾಳೆ. ಇವಳ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ ಅಂತ ನಾವೆಲ್ಲ ನಂಬಿದ್ವಿ. ಅಲ್ಲೇ ನಾವು ಮೋಸ ಹೋಗಿದ್ದು.

ಇಂಥವಳನ್ನ ನಮ್ಮ ಸಾವಯವ ಬೆಳೆಗಾರರ ಸಂಘದವರು ಸಂಸತ್ತಿನ ಸಮಿತಿ ಮುಂದೆ ಮಾತಾಡೋಕೆ ಆರಿಸಿದರು. ಕೊಟ್ಟ ಸಮಯ ನಾಲ್ಕೇ ನಿಮಿಷ! ದೇಶಕ್ಕೆಲ್ಲ ಒಂದು ಹೊಸ ಕೃಷಿ ಕಾನೂನು ತಯಾರಾಗ್ತಿತ್ತು. ರಾಸಾಯನಿಕ ಬಿಟ್ಟ ಜಮೀನಿಗೆ ಸಾವಯವ ಅನ್ನೋ ಪ್ರಮಾಣಪತ್ರ ಸಿಗೋಕೆ ಮೂರು ವರ್ಷ ಕಾಯಬೇಕು. ಆ ಮೂರು ವರ್ಷ ಸರ್ಕಾರ ಬೆಳೆಗಾರರ ಕೈ ಹಿಡೀಬೇಕು, ಕಳೆ ಕೀಳೋಕೆ, ಹುಳ ಆರಿಸೋಕೆ ಆಳುಗಳ ಕೂಲಿಯನ್ನಾದರೂ ಕೊಡಬೇಕು ಅಂತ ಕರಡಿನಲ್ಲಿ ಒಂದು ಕಲಂ ಇತ್ತು. ಸಮಿತಿಯಲ್ಲಿ ಕೆಲವರು ಅದನ್ನ ಹೊಡೆದುಹಾಕೋಕೆ ಕಾಯ್ತಾ ಕೂತಿದ್ದರು.

ಆ ವರ್ಷಗಳ ಪಾಡು ಏನು ಅಂತ ನನ್ನ ಕೇಳಿ. ಔಷಧಿ ಹೊಡೆಯೋ ಹಾಗಿಲ್ಲ, ಬೆಳೆ ಅರ್ಧಕ್ಕೆ ಇಳಿಯುತ್ತೆ, ಪತ್ರ ಇಲ್ಲದ್ದಕ್ಕೆ ಬೆಲೆ ಮಾತ್ರ ಹಳೇದೇ. ಅತ್ತ ದರಿ, ಇತ್ತ ಪುಲಿ. ದೊಡ್ಡಮ್ಮನ ಮಾತಿಗೆ ಮರುಳಾಗಿ ನಾನೂ ಇದಕ್ಕೆ ಇಳಿದಿದ್ದೆ, ನನ್ನದು ಮೊದಲನೇ ವರ್ಷ. "ನೋಡು, ಆ ಕಲಂ ಉಳಿದರೆ ಮುಂದುವರಿಸೋಣ. ಇಲ್ಲದಿದ್ರೆ ಔಷಧಿ ಹೊಡೆಯೋ ಪಂಪು ಹೊರಗೆ ತೆಗೀತೀನಿ," ಅಂದುಬಿಟ್ಟಿದ್ದರು ನಮ್ಮನೆಯವರು.

ಹಾಗಾಗಿ ದೊಡ್ಡಮ್ಮನ ಬಾಯಿಗೆ ಲಗಾಮು ಹಾಕೋ ಕೆಲಸ ನನ್ನ ತಲೆಗೆ ಬಂತು. ಸಂಘದ ಕಾರ್ಯದರ್ಶಿ ಒಂದು ಹಾಳೆ ಬರೆದುಕೊಟ್ಟಿದ್ದರು. ನಾನು ಅಡುಗೆಮನೆಯ ಅಲಾರಂ ತಂದು ಅವಳ ಮುಂದೆ ಇಟ್ಟೆ. ಮೊದಲ ಸಲ ಅದು ಹೊಡೆದಾಗ ಇವಳಿನ್ನೂ ನಮಸ್ಕಾರದಲ್ಲೇ ಇದ್ದಳು. "ಅಧ್ಯಕ್ಷರ ಮನೆಯವರು ಹೇಗಿದಾರೆ ಅಂತ ಕೇಳಬೇಡ್ವೇನೇ? ಅಷ್ಟೂ ಮರ್ಯಾದೆ ಇಲ್ವಾ?" ಅಂತ ನನಗೇ ಜೋರು. ಹತ್ತು ದಿನ ಅಭ್ಯಾಸ ಮಾಡಿಸಿದ ಮೇಲೆ ಹೇಗೋ ನಾಲ್ಕು ನಿಮಿಷಕ್ಕೆ ಬಂದಳು.

ಒಂದೇ ತೊಂದರೆ. "ಮೂರು ವರ್ಷ ಒಂದು ಹನಿ ಔಷಧಿಯನ್ನೂ ಮುಟ್ಟದೆ" ಅನ್ನೋ ಸಾಲು ಬಂದಾಗಲೆಲ್ಲ ಇವಳಿಗೆ ಕೆಮ್ಮು. ಕೇಳಿದರೆ ಕನ್ನಡಕ ಸರಿ ಇಲ್ಲ ಕಣೇ ಅಂತಿದ್ದಳು. ನಾನೆಂಥ ದಡ್ಡಿ ನೋಡಿ, ಆ ಸಾಲನ್ನ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ.

ಸಮಿತಿಯ ಕೋಣೇಲಿ ಉದ್ದನೆ ಮೇಜು, ನೀರಿನ ಬಾಟಲಿಗಳು, ಕೆಂಪು ದೀಪದ ಮೈಕು. ದೊಡ್ಡಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಉಗುರಿನ ಮಣ್ಣು ಹೋಗಲಿಲ್ಲ ಅಂತ ಕೈಗಳನ್ನ ಮೇಜಿನ ಕೆಳಗೆ ಇಟ್ಟುಕೊಂಡು ಕೂತಳು. ನಾನೂ ಕಾರ್ಯದರ್ಶಿಯೂ ಹಿಂದಿನ ಕುರ್ಚಿಯಲ್ಲಿ. ನಡುವೆ ಒಮ್ಮೆ ಕೆಮ್ಮಿದರೂ ಸಮಯಕ್ಕೆ ಸರಿಯಾಗಿ ಓದಿ ಮುಗಿಸಿದಳು. ಅಬ್ಬಾ, ಗೆದ್ವಿ ಅಂದುಕೊಂಡೆ.

ಆಗ ಸದಸ್ಯರೊಬ್ಬರು ನಗುನಗುತ್ತಲೇ ಕೇಳಿದರು: "ತುಂಬ ಸಂತೋಷ ಅಮ್ಮಾ. ಯಾರ ನೆರವೂ ಇಲ್ಲದೆ ಮೂರು ವರ್ಷ ದಾಟಿದಿರಿ. ನಿಮಗೆ ಸಾಧ್ಯ ಆಗಿದ್ದು ಬೇರೆಯವರಿಗೆ ಯಾಕೆ ಸಾಧ್ಯವಿಲ್ಲ? ಹಾಗಾದ್ರೆ ಈ ಕಲಂ ಯಾಕೆ ಬೇಕು?"

ನಾವು ಬರೆದುಕೊಟ್ಟ ಹಾಳೆಯೇ ನಮ್ಮ ಕುತ್ತಿಗೆಗೆ ಬಂದಿತ್ತು. ದೊಡ್ಡಮ್ಮ ಎರಡೂ ಕೈ ಎತ್ತಿ ಮೇಜಿನ ಮೇಲೆ ಇಟ್ಟಳು.

"ನಾನು ದಾಟಿಲ್ಲ ಸ್ವಾಮಿ. ಎರಡನೇ ವರ್ಷದಲ್ಲಿ ಬಿದ್ದೆ. ಎಲೆಕೋಸಿಗೆ ಹುಳ ಬಿತ್ತು. ನಮ್ಮ ಯಜಮಾನರು ಹಾಸಿಗೆ ಹಿಡಿದಿದ್ದರು. ಎಂಟು ದಿನ ಒಬ್ಬಳೇ ಕೈಯಲ್ಲಿ ಆರಿಸಿದೆ. ಒಂಬತ್ತನೇ ದಿನ ಪಕ್ಕದ ತೋಟದಿಂದ ಪಂಪು ಕೇಳಿ ತಂದು ಆರು ಸಾಲಿಗೆ ಔಷಧಿ ಹೊಡೆದೆ. ಯಾರಿಗೂ ಹೇಳಲಿಲ್ಲ. ಪತ್ರ ತಗೊಂಡೆ, ಸಾವಯವ ಅಂತ ಹಸಿರು ಬೋರ್ಡು ಹಾಕ್ಕೊಂಡೆ. ಹನ್ನೊಂದು ವರ್ಷ ಆಯ್ತು. ಮತ್ತೆ ಹೊಡೆದಿಲ್ಲ, ಅದು ನಿಜ. ಆದರೆ ಈಗ ನನ್ನನ್ನೇ ತೋರಿಸಿ ನೀವು ಕಲಂ ತೆಗೆದರೆ, ನನ್ನ ಸುಳ್ಳಿಗೆ ಬೇರೆ ಹೆಣ್ಣುಮಕ್ಕಳು ದಂಡ ಕಟ್ಟಬೇಕಾಗುತ್ತೆ. ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ನನ್ನ ಕೈಲಿ ಆಗಲಿಲ್ಲ."

ಕಾರ್ಯದರ್ಶಿ ತಲೆ ಮೇಲೆ ಕೈ ಇಟ್ಟುಕೊಂಡರು. ನನಗೆ ಸಿಟ್ಟು, ನಾಚಿಕೆ, ಎದ್ದು ಹೋಗಿ ಅವಳನ್ನ ತಬ್ಬಿಕೊಳ್ಳಬೇಕು ಅನ್ನೋ ಆಸೆ, ಮೂರೂ ಒಟ್ಟಿಗೇ ಬಂದವು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿಯೇ ಬಿಟ್ಟೆ: "ಊರಿನವರ ಮಂಡಿನೋವೆಲ್ಲ ಹೇಳ್ತೀಯ, ಇದನ್ನ ನನಗೂ ಹೇಳಲಿಲ್ವಲ್ಲ ದೊಡ್ಡಮ್ಮಾ?"

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತ ನಿನಗೆ ಹೇಳಿಕೊಟ್ಟವಳೇ ನಾನು. ಯಾವ ಬಾಯಲ್ಲಿ ಹೇಳಲಿ?" ಅಂದು ಕಿಟಕಿ ಕಡೆ ತಿರುಗಿದಳು.

ಕಲಂ ಉಳೀತು. ಮೂರು ವರ್ಷದ ನೆರವು ಕೇಳಿದ್ವಿ, ಚೌಕಾಸಿ ಮಾಡಿ ಎರಡು ಕೊಟ್ಟರು. ದೊಡ್ಡಮ್ಮನ ಪ್ರಮಾಣಪತ್ರ ಮಾತ್ರ ರದ್ದಾಯ್ತು. ಮತ್ತೆ ಮೊದಲನೇ ವರ್ಷದಿಂದ ಶುರು ಮಾಡಿ ಅಂತ ಕಾಗದ ಬಂತು. ಅಷ್ಟರಲ್ಲಿ ಅವಳೇ ಸ್ಟೂಲು ಹತ್ತಿ ಹಸಿರು ಬೋರ್ಡು ಇಳಿಸಿ, ಅದನ್ನ ಕೋಳಿಗೂಡಿನ ಬಾಗಿಲಿಗೆ ಹೊಡೆದಿದ್ದಳು. ಸಂತೆಯಲ್ಲಿ ಪ್ರತಿಯೊಬ್ಬ ಗಿರಾಕಿಗೂ ತಾನಾಗೇ ವಿಷಯ ಹೇಳಿದಳು. ಒಬ್ಬರು ಆರಿಸಿದ್ದ ಕೋಸನ್ನ ವಾಪಸ್ ಇಟ್ಟು ಹೋದರು.

"ಈಗ ನೀನು ನನಗಿಂತ ಸೀನಿಯರ್ ಕಣೇ," ಅಂತ ನನ್ನ ಹತ್ತಿರ ನಗಾಡಿದಳು. ಅರವತ್ತೇಳು ಅವಳಿಗೆ.

ಹೋದ ವಾರ ನನ್ನ ಕೋಸಿಗೂ ಹುಳ ಬಿತ್ತು. ಎರಡನೇ ವರ್ಷ. ಮೂಲೆಯಲ್ಲಿದ್ದ ಪಂಪನ್ನ ನಮ್ಮನೆಯವರೂ ನೋಡಿದರು, ಸುಳ್ಳು ಯಾಕೆ, ನಾನೂ ನೋಡಿದೆ. ಆಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಕೂಲಿ ನೆರವಿನಲ್ಲಿ ಗೊತ್ತುಮಾಡಿದ ಇಬ್ಬರು ಬರೋಕೆ ಮುಂಚೆಯೇ ದೊಡ್ಡಮ್ಮ ಮಣೆ, ಬೋಗುಣಿ ಹಿಡಿದು ಬಂದು ಮೊದಲ ಸಾಲಿನಲ್ಲಿ ಕೂತಾಗಿತ್ತು. ನಮ್ಮನೆಯವರೂ ಪ್ಯಾಂಟು ಮಡಚಿಕೊಂಡು ಇಳಿದರು.

"ನನಗೆ ಆವತ್ತು ಕರೆಯೋಕೆ ಯಾರೂ ಇರಲಿಲ್ಲ ಕಣೇ," ಅಂದಳು ಒಮ್ಮೆ, ಎಲೆ ತಿರುಗಿಸುತ್ತಾ. ನಾನು ಏನಾದರೂ ಹೇಳೋಕೆ ಮುಂಚೆಯೇ ಬೀಜ ಕೊಟ್ಟವರ ಸೊಸೆಯ ಮಂಡಿನೋವಿಗೆ ಹಾರಿದಳು. ಬೆಳಿಗ್ಗೆ ಹಚ್ಚಿದ ರೇಡಿಯೋ ಸಂಜೆವರೆಗೂ ಆರಲಿಲ್ಲ. ನಾನೂ ಒಂದು ಸಲವೂ ಸಾಕು ಅನ್ನಲಿಲ್ಲ.